ಫಜ್ರ್‌ಗೆ ಬಾಗದ ಬೆನ್ನು ಝುಹರ್‌ಗೆ ಬಾಗುವುದೇಕೆ?

ಅವನಿಗೆ ಆಗ 26 ವರ್ಷ. ಫಜ್ರ್ ನಮಾಝ್‌ಗೆ ಬಂದರೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ. ರುಕೂಗೆ ಬಾಗಲು ಆಗುತ್ತಿರಲಿಲ್ಲ, ಸಜ್ದಾದ ಮಾತಂತೂ ದೂರ. ಅದೇ ಹುಡುಗ ಝುಹರ್‌ಗೆ ಬಂದಾಗ ಎಲ್ಲರಂತೆ ನಿಂತು, ಬಾಗಿ, ಸಜ್ದಾ ಮಾಡಿ ನಮಾಝ್ ಮುಗಿಸುತ್ತಿದ್ದ. ಇದನ್ನು ನೋಡುತ್ತಲೇ ಬಂದಿದ್ದ ಹಿರಿಯರೊಬ್ಬರು, "ಬೆಳಿಗ್ಗೆ ಮುದುಕ, ಮಧ್ಯಾಹ್ನ ಯುವಕ, ಇದೆಂಥ ಕಾಯಿಲೆಯಪ್ಪಾ?" ಎಂದು ನಾಲ್ಕು ಜನರ ಮುಂದೆ ಕೇಳಿಬಿಟ್ಟರು. ಅಂದಿನಿಂದ ಅವನು ಫಜ್ರ್‌ಗೆ ಮಸೀದಿಗೆ ಬರುವುದನ್ನೇ ಬಿಟ್ಟ. ಮನೆಯಲ್ಲಿ ತಂದೆಯ ತೀರ್ಮಾನ ಬೇರೆಯೇ ಇತ್ತು: ರಾತ್ರಿಯೆಲ್ಲ ಮೊಬೈಲ್ ನೋಡುತ್ತಾನೆ, ಬೆಳಿಗ್ಗೆ ಏಳಲು ಸೋಮಾರಿತನ.

ಆ ಹಿರಿಯರು ಚುಚ್ಚಿ ಆಡಿದ ಮಾತಿನಲ್ಲೇ ರೋಗದ ಗುರುತು ಇತ್ತು. ಅದನ್ನು ಗುರುತಿಸಬೇಕಾದ ನಾವು ವೈದ್ಯರೇ ಗುರುತಿಸಿರಲಿಲ್ಲ. 'ನಾವು' ಎನ್ನುವಾಗ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅವನಿಗೆ ನೋವು ಶುರುವಾಗಿದ್ದು 19ನೇ ವಯಸ್ಸಿನಲ್ಲಿ, ಕಾಲೇಜಿಗೆ ಹೋಗುತ್ತಿದ್ದಾಗ. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ. ಸೊಂಟದ ಕೆಳಗೆ, ಕುಳಿತುಕೊಳ್ಳುವ ಭಾಗದ ಒಳಗೆ ಒಂದು ಮಂದ ನೋವು. ಒಂದು ತಿಂಗಳು ಎಡಕ್ಕೆ, ಇನ್ನೊಂದು ತಿಂಗಳು ಬಲಕ್ಕೆ. ಮೊದಲು ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ. ಆಮೇಲೆ ಮೂಳೆ ಡಾಕ್ಟರು, ಎಕ್ಸ್‌ರೇ, 'ನಾರ್ಮಲ್' ಎಂಬ ವರದಿ. ಎರಡು ವರ್ಷ ಕಳೆದು ಎಂ.ಆರ್.ಐ. ಮಾಡಿಸಿದಾಗ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬಂತು. ಬೆಲ್ಟ್ ಕಟ್ಟಿಕೊಳ್ಳಿ, ಬಾಗಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ವಿಶ್ರಾಂತಿ ತೆಗೆದುಕೊಂಡಷ್ಟೂ ನೋವು ಹೆಚ್ಚಾಯಿತು. ಎಣ್ಣೆ ತಿಕ್ಕುವವರ ಬಳಿ ಹೋದರು. ಯಾರೋ ನಝರ್ ಎಂದರು, ರುಖ್ಯಾ ಮಾಡಿಸಿದರು. 22ನೇ ವಯಸ್ಸಿನಲ್ಲಿ ತಾಯಿ ಅವನನ್ನು ನನ್ನ ದವಾಖಾನೆಗೆ ಕರೆತಂದರು.

ನಾನು ನಾಡಿ ಹಿಡಿದೆ, ನೋವಿನ ಜಾಗ ಒತ್ತಿ ನೋಡಿದೆ. ಇರ್ಕುನ್ನಸಾ, ಅಂದರೆ ಸಯಾಟಿಕಾ ಎಂದು ಬರೆದೆ. ಸೂರಂಜಾನ್ ಇರುವ ಮಾಜೂನ್ ಕೊಟ್ಟೆ, ಸೊಂಟಕ್ಕೆ ಹಿಜಾಮಾ ಮಾಡಿದೆ. ಪ್ರತಿ ಸಲ ಹಿಜಾಮಾದ ನಂತರ ವಾರ, ಹತ್ತು ದಿನ ಅವನಿಗೆ ಹಾಯೆನಿಸುತ್ತಿತ್ತು. ಆ ಹಾಯೇ ನನ್ನನ್ನು ಮೋಸಗೊಳಿಸಿತು. ಹೀಗೆ ಎಂಟು ತಿಂಗಳು ನಡೆಯಿತು. ಇರ್ಕುನ್ನಸಾದ ನೋವು ಸೊಂಟದಿಂದ ಹೊರಟು ಮೊಣಕಾಲಿನ ಕೆಳಗೆ, ಹಲವರಲ್ಲಿ ಪಾದದವರೆಗೂ ಇಳಿಯುತ್ತದೆ, ಜೊತೆಗೆ ಜೋಮು ಹಿಡಿಯುತ್ತದೆ. ಇವನ ನೋವು ತೊಡೆ ದಾಟುತ್ತಿರಲಿಲ್ಲ, ಬದಿ ಬದಲಿಸುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಬೇಕಿತ್ತು. ನೋವು ಎಲ್ಲಿ ಎಂದು ಅವನನ್ನು ಹತ್ತು ಸಲ ಕೇಳಿದ್ದೆ. ಯಾವ ಹೊತ್ತಿಗೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ರೋಗ ಕೊನೆಗೆ ಗೊತ್ತಾಗಿದ್ದು ಕಣ್ಣಿನಿಂದ. 26ನೇ ವಯಸ್ಸಿನಲ್ಲಿ ಅವನ ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಂತೆ ನೋವು ಬಂತು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡುತ್ತಲೇ ಕೇಳಿದರಂತೆ: "ನಿನಗೆ ಬೆಳಿಗ್ಗೆ ಬೆನ್ನು ಹಿಡಿದುಕೊಳ್ಳುತ್ತದೆಯೇ?" ಏಳು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ವೈದ್ಯರು ಅವರು. ಒಂದು ತಿಂಗಳೊಳಗೆ ರೋಗದ ಹೆಸರು ಸಿಕ್ಕಿತು: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಅವನು ಫೈಲ್ ತಂದು ನನ್ನ ಮೇಜಿನ ಮೇಲಿಟ್ಟು, "ಹಕೀಮ್ ಸಾಬ್, ನಿಮ್ಮ ಹಳೆಯ ಚೀಟಿಯೂ ಇದರಲ್ಲೇ ಇದೆ" ಎಂದ. ದೂರುವ ಧಾಟಿ ಇರಲಿಲ್ಲ. ನನಗೆ ಮಾತ್ರ ತಲೆ ಎತ್ತಿ ನೋಡಲು ಆಗಲಿಲ್ಲ.

ಈ ಹುಡುಗನದು ಅಪರೂಪದ ಕಥೆಯಲ್ಲ. ಈ ರೋಗದಲ್ಲಿ ಮೊದಲ ನೋವಿಗೂ ಸರಿಯಾದ ಹೆಸರಿಗೂ ನಡುವೆ ಸಾಮಾನ್ಯವಾಗಿ 5ರಿಂದ 10 ವರ್ಷ ಕಳೆದುಹೋಗುತ್ತವೆ. ಶ್ರೀಮಂತ ದೇಶಗಳಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ.

ಇದು ಸವೆತದ ನೋವಲ್ಲ

ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ನಮ್ಮ ಕಡೆ ನಲವತ್ತು ದಾಟಿದವರ ಕುತ್ತಿಗೆ ನೋವಿಗೆಲ್ಲ 'ಸ್ಪಾಂಡಿಲೈಟಿಸ್' ಎಂದೇ ಹೇಳುವ ರೂಢಿಯಿದೆ. ನಿಜವಾಗಿ ಅದು ಸ್ಪಾಂಡಿಲೋಸಿಸ್, ವಯಸ್ಸಿನೊಂದಿಗೆ ಬರುವ ಸವೆತ. ಹಾಗಾಗಿ ಡಾಕ್ಟರು 'ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್' ಎಂದಾಗ ಮನೆಯವರು, "ಓ, ಅದಾ? ನಮ್ಮ ಮಾಮಾನಿಗೂ ಇದೆ, ಕಾಲರ್ ಹಾಕಿಕೊಂಡು ಓಡಾಡುತ್ತಾರೆ" ಎಂದು ಸುಮ್ಮನಾಗುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಇದು ಉರಿಯೂತದ ರೋಗ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮದೇ ಕೀಲುಗಳ ಮೇಲೆ ಎರಗುತ್ತದೆ. ಸೊಂಟದ ಹಿಂಭಾಗದಲ್ಲಿ, ಎರಡೂ ಬದಿ ಸಣ್ಣ ಗುಳಿ ಕಾಣುವ ಜಾಗದ ಒಳಗೆ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಎರಡು ಕೀಲುಗಳಿವೆ. ಸ್ಯಾಕ್ರೋಇಲಿಯಾಕ್ ಕೀಲು ಎನ್ನುತ್ತಾರೆ. ಉರಿಯೂತ ಹೆಚ್ಚಾಗಿ ಶುರುವಾಗುವುದು ಅಲ್ಲಿಂದ. ಸ್ನಾಯುಗಳು ಮೂಳೆಗೆ ಅಂಟಿಕೊಳ್ಳುವ ಜಾಗಗಳಲ್ಲೂ ಬರುತ್ತದೆ, ಅದಕ್ಕೇ ಕೆಲವರಿಗೆ ಬೆನ್ನಿಗಿಂತ ಮೊದಲು ಹಿಮ್ಮಡಿ ನೋಯುತ್ತದೆ. ಉರಿಯೂತ ಆರಿದ ಕಡೆ ದೇಹ ಹೊಸ ಮೂಳೆ ಬೆಳೆಸುತ್ತದೆ. ವರ್ಷಗಳು ಕಳೆದಂತೆ ಒಂದು ಬೆನ್ನೆಲುಬು ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ಎಲ್ಲರಲ್ಲೂ ಅಷ್ಟು ದೂರ ಹೋಗುವುದಿಲ್ಲ. ಹೋದವರ ಎಕ್ಸ್‌ರೇ ಬಿದಿರಿನ ಗಳದಂತೆ ಕಾಣುತ್ತದೆ. ಬೆಸೆದ ಮೂಳೆಯನ್ನು ಬಿಡಿಸುವ ಮಾಜೂನ್ ಇಲ್ಲ, ಇಂಜೆಕ್ಷನ್ ಇಲ್ಲ. ತಡವಾದರೆ ಕಳೆದುಕೊಳ್ಳುವುದು ಇದನ್ನೇ.

ಸವೆತದ ನೋವು ಕೆಲಸ ಮಾಡಿದಷ್ಟು ಹೆಚ್ಚುತ್ತದೆ, ಮಲಗಿದರೆ ಇಳಿಯುತ್ತದೆ. ಉರಿಯೂತದ ನೋವು ಇದಕ್ಕೆ ತದ್ವಿರುದ್ಧ. ರಾತ್ರಿ ಎರಡು, ಮೂರು ಗಂಟೆಗೆ ಎಬ್ಬಿಸುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಏಳುವಾಗ ಬೆನ್ನು ಹಲಗೆಯಂತೆ ಬಿಗಿದಿರುತ್ತದೆ, ಆ ಬಿಗಿ ಸಡಿಲಾಗಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಓಡಾಡಿದಂತೆ, ಬಿಸಿ ನೀರು ಹಾಕಿಕೊಂಡಂತೆ ಹಗುರಾಗುತ್ತದೆ. ಫಜ್ರ್‌ಗೆ ಬಾಗದ ಬೆನ್ನು ಝುಹರ್‌ಗೆ ಬಾಗುವುದು ಇದಕ್ಕೇ. 45 ವರ್ಷದ ಒಳಗೆ, ಏಟಿಲ್ಲದೆ ಮೆಲ್ಲಗೆ ಶುರುವಾಗಿ ಮೂರು ತಿಂಗಳು ದಾಟಿದ ಇಂಥ ಬೆನ್ನುನೋವನ್ನು ಡಿಸ್ಕ್ ಎಂದು ಒಪ್ಪಿಕೊಳ್ಳುವ ಮೊದಲು ರುಮಟಾಲಜಿಸ್ಟ್‌ಗೆ ತೋರಿಸಬೇಕು.

ಪರೀಕ್ಷೆಗಳೇ ದಾರಿ ತಪ್ಪಿಸುವುದುಂಟು

"ಎಲ್ಲಾ ಟೆಸ್ಟ್ ಮಾಡಿಸಿದ್ದೇವೆ ಡಾಕ್ಟ್ರೇ, ಏನೂ ಇಲ್ಲ" ಎಂದು ಹೇಳುವ ಮನೆಯವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಎಕ್ಸ್‌ರೇಯಲ್ಲಿ ಈ ರೋಗ ಕಾಣಿಸಿಕೊಳ್ಳಲು ವರ್ಷಗಳೇ ಬೇಕಾಗುತ್ತವೆ. ಮೊದಲ ವರ್ಷದ ಎಕ್ಸ್‌ರೇ ನಾರ್ಮಲ್ ಇದ್ದರೆ ಅದರಿಂದ ಏನೂ ತೀರ್ಮಾನವಾಗದು. ಎಂ.ಆರ್.ಐ.ನಲ್ಲಿ ಉರಿಯೂತ ಬೇಗ ಕಾಣುತ್ತದೆ, ಆದರೆ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂ.ಆರ್.ಐ. ಆಗಿದ್ದರೆ ಮಾತ್ರ. ಸಾಮಾನ್ಯವಾಗಿ ಬರೆದುಕೊಡುವುದು ಸೊಂಟದ ಬೆನ್ನೆಲುಬಿನದ್ದು. ಅದರಲ್ಲಿ ಈ ಕೀಲುಗಳು ಸರಿಯಾಗಿ ಬರುವುದೇ ಇಲ್ಲ. ಡಿಸ್ಕ್ ಉಬ್ಬು ಮಾತ್ರ ಬರುತ್ತದೆ, ಏಕೆಂದರೆ ಯಾವ ನೋವೂ ಇಲ್ಲದವರ ಬೆನ್ನಿನಲ್ಲೂ ಅದು ಧಾರಾಳವಾಗಿ ಸಿಗುತ್ತದೆ. ವರದಿಯಲ್ಲಿ 'ಡಿಸ್ಕ್' ಎಂಬ ಪದ ಸಿಕ್ಕ ಕೂಡಲೇ ಎಲ್ಲರೂ ಹುಡುಕುವುದನ್ನು ನಿಲ್ಲಿಸುತ್ತಾರೆ.

ಇ.ಎಸ್.ಆರ್., ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳು ಉರಿಯೂತ ತೋರಿಸುತ್ತವೆ, ಆದರೆ ಈ ರೋಗವಿರುವ ಬಹಳಷ್ಟು ಜನರಲ್ಲಿ ಅವು ನಾರ್ಮಲ್ ಇರುತ್ತವೆ. ಇನ್ನು ಆರ್.ಎ. ಫ್ಯಾಕ್ಟರ್. ಲ್ಯಾಬ್‌ನವರು ಅದನ್ನು 'ವಾತದ ಟೆಸ್ಟ್' ಎಂದು ಹೇಳಿಕೊಡುತ್ತಾರೆ. ಬೆನ್ನಿನ ಈ ರೋಗದಲ್ಲಿ ಅದು ನೆಗೆಟಿವ್ ಬರುವುದೇ ಸಹಜ.

ಎಚ್.ಎಲ್.ಎ. ಬಿ27 ಎಂಬ ಇನ್ನೊಂದು ಪರೀಕ್ಷೆಯಿದೆ. ಈ ವಂಶವಾಹಿಗೂ ರೋಗಕ್ಕೂ ಇರುವ ನಂಟು 1973ರಲ್ಲಿ ಗೊತ್ತಾಯಿತು. ರೋಗಿಗಳಲ್ಲಿ ಹೆಚ್ಚಿನವರಿಗೆ ಇದು ಪಾಸಿಟಿವ್. ಆದರೆ ಪಾಸಿಟಿವ್ ಇರುವವರಲ್ಲಿ ಹೆಚ್ಚಿನವರಿಗೆ ಜೀವನವಿಡೀ ರೋಗ ಬರುವುದಿಲ್ಲ. ನೋವೇ ಇಲ್ಲದವರು ಈ ಪರೀಕ್ಷೆ ಮಾಡಿಸಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಕಾಹ್ ಮಾತುಕತೆಯಲ್ಲಿ ಈ ವರದಿ ಕೇಳಿದ ಒಂದು ಕುಟುಂಬವನ್ನೂ ನಾನು ಕಂಡಿದ್ದೇನೆ. ಈ ರೋಗ ಅಂಟುವುದಿಲ್ಲ, ಮಕ್ಕಳಿಗೆ ಬಂದೇ ತೀರುತ್ತದೆ ಎಂದೂ ಇಲ್ಲ. ಮುಚ್ಚಿಟ್ಟು ಮದುವೆ ಮಾಡುವುದು ತಪ್ಪು, ಆ ಒಂದು ಕಾಗದ ಹಿಡಿದು ಸಂಬಂಧ ಮುರಿಯುವುದೂ ತಪ್ಪು ಎನ್ನುವುದು ನನ್ನ ಅಭಿಪ್ರಾಯ.

ಕಣ್ಣಿನ ವಿಷಯ ಮತ್ತೊಮ್ಮೆ ಹೇಳಬೇಕು. ಈ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಕಣ್ಣಿನೊಳಗೆ ಉರಿಯೂತ ಬರುತ್ತದೆ. ಒಂದೇ ಕಣ್ಣು ಕೆಂಪಾಗಿ, ಬೆಳಕು ಚುಚ್ಚಿ, ದೃಷ್ಟಿ ಮಸುಕಾದರೆ ಅದು 'ಮದ್ರಾಸ್ ಐ' ಅಲ್ಲ. ಸುರ್ಮಾ, ಗುಲಾಬಿ ನೀರು, ಜೇನು ಯಾವುದನ್ನೂ ಹಾಕದೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಚರ್ಮದ ಸೋರಿಯಾಸಿಸ್, ರಕ್ತ ಬೀಳುವ ದೀರ್ಘ ಭೇದಿ, ಮನೆಯಲ್ಲಿ ಇನ್ನೊಬ್ಬರಿಗೆ ಇದೇ ರೀತಿಯ ಬೆನ್ನು, ಇವೆಲ್ಲ ಬೇರೆ ಬೇರೆ ವಿಷಯ ಎಂದುಕೊಂಡು ವೈದ್ಯರಿಗೆ ಹೇಳದೆ ಬಿಡುತ್ತಾರೆ. ದಯವಿಟ್ಟು ಹೇಳಿ.

ಹೆಣ್ಣುಮಕ್ಕಳ ನೋವಿಗೆ ಸಿದ್ಧ ಉತ್ತರಗಳು

ಇದು ಗಂಡಸರ ರೋಗ ಎಂಬ ನಂಬಿಕೆ ನಾನು ಓದುವ ಕಾಲದಲ್ಲಿ ವೈದ್ಯರಲ್ಲೂ ಇತ್ತು. ಹೆಂಗಸರಿಗೂ ಬರುತ್ತದೆ, ಅವರಲ್ಲಿ ಪತ್ತೆ ಇನ್ನಷ್ಟು ತಡವಾಗುತ್ತದೆ. ಎಕ್ಸ್‌ರೇಯಲ್ಲಿ ಬದಲಾವಣೆ ಕಡಿಮೆ ಕಾಣುವುದು ಒಂದು ಕಾರಣ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬೆನ್ನುನೋವಿಗೆ ಉತ್ತರ ಮೊದಲೇ ಸಿದ್ಧವಾಗಿರುವುದು ಇನ್ನೊಂದು ಕಾರಣ: "ಸಿಸೇರಿಯನ್ ಆದಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟರಲ್ಲ, ಅದರಿಂದ." ಆ ಇಂಜೆಕ್ಷನ್ ಪಡೆದು ಆರು ವರ್ಷದ ಮೇಲೆ ರಾತ್ರಿ ಮೂರಕ್ಕೆ ಎಬ್ಬಿಸುವ ನೋವಿಗೆ ಅದು ಕಾರಣವಲ್ಲ. ಬಾಣಂತನದಲ್ಲಿ ಥಂಡಿ ಹಿಡಿಯಿತು ಎಂಬುದೂ ಅಂಥದ್ದೇ ಉತ್ತರ. ಗಲ್ಫ್‌ನಿಂದ ಬಂದ ಹುಡುಗನಾದರೆ ಏಸಿ ತಂಪು.

ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಉರಿಯೂತದ ರೋಗ ರುಮಟಾಯ್ಡ್ ಆರ್ಥ್ರೈಟಿಸ್. ಇದು ಕೈಬೆರಳುಗಳ ಬುಡದ ಗಿಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳನ್ನು ಎರಡೂ ಬದಿಯಲ್ಲಿ ಹಿಡಿಯುತ್ತದೆ. ಬೆಳಿಗ್ಗೆ ವುಝೂ ಮಾಡಲು ನಲ್ಲಿ ತಿರುಗಿಸಲಾಗದು, ರೊಟ್ಟಿ ತಟ್ಟಲಾಗದು, ಉಂಗುರ ಹೊರಬರದು. ಹತ್ತು ಗಂಟೆಯ ಹೊತ್ತಿಗೆ ಕೈ ಸಡಿಲವಾಗುತ್ತದೆ, ಅಷ್ಟರಲ್ಲಿ ಅತ್ತೆಯ ಮುಖ ಬಿಗಿದಿರುತ್ತದೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯ ಹರಡಿದ ಮೇಲೆ ಎಲ್ಲ ಕೀಲುನೋವಿಗೂ ಅದರ ಹೆಸರು ಬಿತ್ತು. ಈಗ ಯೂರಿಕ್ ಆಸಿಡ್ ಸರದಿ. ಮುಟ್ಟು ನಿಲ್ಲದ ಹೆಂಗಸರಲ್ಲಿ ಯೂರಿಕ್ ಆಸಿಡ್‌ನ ಗೌಟ್ ಬಹಳ ಅಪರೂಪ, ಆದರೂ ಬೇಳೆ, ಮಾಂಸ ಬಿಡಿಸಿ ಅವರನ್ನು ಇನ್ನಷ್ಟು ಸೊರಗಿಸುತ್ತಾರೆ. ಗಿಣ್ಣು ಊದಿ ಆರು ವಾರ ದಾಟಿದರೆ ಕಾಯಬಾರದು. ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಇದಕ್ಕೆ ಕೊಡುವ ಮುಖ್ಯ ಮಾತ್ರೆ ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರು ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಮಗುವಿನ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ನಮ್ಮ ಪದ್ಧತಿಯ ಬಗ್ಗೆ

ಯೂನಾನಿಯಲ್ಲಿ ವಜಉಲ್ ಮಫಾಸಿಲ್ ಎಂಬ ಹೆಸರಿದೆ, ಕೀಲುನೋವು ಎಂದಷ್ಟೇ ಅದರ ಅರ್ಥ. ಸವೆತ, ಉರಿಯೂತ, ಗೌಟ್ ಎಲ್ಲವೂ ಆ ಚೀಲದೊಳಗೆ ಹಿಡಿಯುತ್ತವೆ. ಹೆಸರು ದೊಡ್ಡದಾದಾಗ ವೈದ್ಯನಿಗೆ ಬೇಗ ತೃಪ್ತಿಯಾಗಿಬಿಡುತ್ತದೆ. ಬಲ್ಗಮ್ ಕೀಲಿನಲ್ಲಿ ಸೇರಿದೆ ಎಂದು ಬರೆದು ನಾನು ತೃಪ್ತನಾದದ್ದೂ ಹಾಗೆಯೇ. ಹಿಜಾಮಾದಿಂದ ನೋವು ಸ್ವಲ್ಪ ದಿನ ಇಳಿಯಬಹುದು, ಆದರೆ ಅದು ಮೂಳೆ ಬೆಸೆಯುವುದನ್ನು ನಿಲ್ಲಿಸುತ್ತದೆ ಎಂದು ನಾನು ಯಾರಿಗೂ ಹೇಳಲಾರೆ. ಹೇಳುವವರಿದ್ದರೆ ಅವರಿಂದ ದೂರವಿರಿ. ಲೇಬಲ್ ಇಲ್ಲದ ಪೊಟ್ಟಣದ ಪುಡಿ ಕೊಟ್ಟು ಎರಡೇ ದಿನದಲ್ಲಿ ನೋವು ಮಾಯ ಮಾಡುವವರಿಂದ ಇನ್ನೂ ದೂರವಿರಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟು. ಮುಖ ದುಂಡಗಾಗುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಪೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ಥಟ್ಟನೆ ಬಿಡುವುದೂ ಅಪಾಯ, ಡಾಕ್ಟರಿಗೆ ತೋರಿಸಿಯೇ ಬಿಡಬೇಕು.

ಬೆನ್ನು ತುಳಿಸಿಕೊಳ್ಳುವುದು, ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸುವುದು ಈ ರೋಗಿಗಳಿಗೆ ಸುತರಾಂ ಸಲ್ಲದು. ಬೆಸೆದ ಬೆನ್ನುಮೂಳೆ ಸಣ್ಣ ಏಟಿಗೂ ಮುರಿಯುತ್ತದೆ.

ನಮ್ಮ ಪದ್ಧತಿಯಲ್ಲಿ ಇವರಿಗೆ ನಿಜವಾಗಿ ಒದಗುವ ವಿಷಯವೆಂದರೆ ರಿಯಾಝತ್, ವ್ಯಾಯಾಮ. ಇಬ್ನ್ ಸೀನಾ ಅಲ್ ಖಾನೂನ್‌ನಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯಗಳನ್ನೇ ಕೊಟ್ಟಿದ್ದಾರೆ. ಇಂದಿನ ರುಮಟಾಲಜಿಸ್ಟ್ ಕೂಡ ಮೊದಲು ಹೇಳುವುದು ಅದನ್ನೇ: ದಿನವೂ ಬೆನ್ನು ಹಿಂದಕ್ಕೆ ಬಾಗಿಸುವ, ಎದೆ ಅಗಲಿಸಿ ಉಸಿರೆಳೆಯುವ ವ್ಯಾಯಾಮ, ಅನುಕೂಲವಿದ್ದರೆ ಈಜು, ತೆಳ್ಳಗಿನ ದಿಂಬು, ಬೀಡಿ ಸಿಗರೇಟು ಪೂರ್ತಿ ಬಂದ್. ಧೂಮಪಾನ ಮಾಡುವವರ ಬೆನ್ನು ಬೇಗ ಬಿಗಿಯುತ್ತದೆ. ನಮಾಝೇ ವ್ಯಾಯಾಮವಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮಾಝ್ ಇಬಾದತ್. ಅದರಲ್ಲಿ ಬೆನ್ನು ಮುಂದಕ್ಕೆ ಬಾಗುತ್ತದೆ, ಇವರಿಗೆ ಬೇಕಾದದ್ದು ಹಿಂದಕ್ಕೆ ಬಾಗುವುದು. ಅದನ್ನು ಬೇರೆಯಾಗಿಯೇ ಮಾಡಬೇಕು.

ಔಷಧಿಯ ಭಾಗ ಆಧುನಿಕ ವೈದ್ಯರದು. ಮೊದಲು ಉರಿಯೂತ ತಗ್ಗಿಸುವ ನೋವಿನ ಮಾತ್ರೆ, ಹೊಟ್ಟೆ ಮತ್ತು ಕಿಡ್ನಿ ನೋಡಿಕೊಂಡು, ಅವರು ಹೇಳಿದ ಪ್ರಮಾಣದಲ್ಲಿ. ಅದಕ್ಕೆ ಬಗ್ಗದಿದ್ದರೆ ಬಯಾಲಜಿಕ್ ಇಂಜೆಕ್ಷನ್‌ಗಳಿವೆ. ಕೊಡುವ ಮೊದಲು ದೇಹದಲ್ಲಿ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸಲೇಬೇಕು. ಇವು ಹಿಂದೆ ಕೈಗೆಟುಕುವಂತಿರಲಿಲ್ಲ. 2014ರ ಕೊನೆಯಲ್ಲಿ ಅಡಾಲಿಮುಮಾಬ್ ಎಂಬ ಇಂಜೆಕ್ಷನ್ನಿನ ಭಾರತೀಯ ತಯಾರಿಕೆ ಬಂದ ಮೇಲೆ ಬೆಲೆ ಇಳಿದಿದೆ, ಆದರೂ ಬಡವರಿಗೆ ಭಾರವೇ. ನಮ್ಮ ಮೊಹಲ್ಲಾಗಳ ಬೈತುಲ್ ಮಾಲ್ ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ಹಣ ಕೊಡುತ್ತದೆ. ಆ ಆಪರೇಷನ್ ತಪ್ಪಿಸಬಲ್ಲ ಔಷಧಿಗೆ ಕೇಳಿದರೆ, "ಹುಡುಗ ಓಡಾಡುತ್ತಿದ್ದಾನಲ್ಲ" ಎನ್ನುತ್ತಾರೆ. ಕಮಿಟಿಯವರು ಇದನ್ನು ಓದುತ್ತಿದ್ದರೆ ಒಮ್ಮೆ ಯೋಚಿಸಲಿ.

ಕುರ್ಚಿಯ ಬಗ್ಗೆಯೂ ಒಂದು ಮಾತು. ರೋಗಿಗೆ ಕುಳಿತು ನಮಾಝ್ ಮಾಡುವ ಅನುಮತಿಯನ್ನು ಶರೀಅತ್ ಕೊಟ್ಟಿದೆ, ವಯಸ್ಸಿನ ಮಿತಿ ಹಾಕಿಲ್ಲ. ಬೆಳಿಗ್ಗೆ ಕುರ್ಚಿ ಬೇಕಾದವನಿಗೆ ಮಧ್ಯಾಹ್ನ ಬೇಡವಾಗಬಹುದು.

ಆ ಹುಡುಗ ಈಗ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾನೆ, ದಿನವೂ ವ್ಯಾಯಾಮ ಮಾಡುತ್ತಾನೆ. ಫಜ್ರ್‌ಗೆ ನಿಂತು ನಮಾಝ್ ಮಾಡುತ್ತಾನೆ, ಸಜ್ದಾವೂ ಸಾಧ್ಯವಾಗಿದೆ. ಕುತ್ತಿಗೆ ಮಾತ್ರ ಪೂರ್ತಿ ತಿರುಗುವುದಿಲ್ಲ. ಸಲಾಮ್ ಹೇಳುವಾಗ ಭುಜವನ್ನೂ ಸೇರಿಸಿ ತಿರುಗಿಸುತ್ತಾನೆ. ಅದು ಆ ಏಳು ವರ್ಷದಲ್ಲಿ ಹೋದದ್ದು.

ಕಳೆದ ತಿಂಗಳು ಅವನ ತಾಯಿ ಕಿರಿಯ ಮಗನನ್ನು ಕರೆತಂದರು. 18 ವರ್ಷ, ಹಿಮ್ಮಡಿ ನೋವು, ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗಳು ಬಹಳ ಕಷ್ಟ. "ಕ್ರಿಕೆಟ್ ಆಡಿ ಆಗಿರಬಹುದು ಅಂತ ಅವರಪ್ಪ ಹೇಳ್ತಾರೆ, ನೀವು ಒಮ್ಮೆ ನೋಡಿಬಿಡಿ ಹಕೀಮ್ ಸಾಬ್" ಎಂದರು. ಆಗಿರಲೂಬಹುದು. ನಾನು ಔಷಧಿ ಬರೆಯಲಿಲ್ಲ. ಎಷ್ಟು ಹೊತ್ತಿಗೆ ನೋಯುತ್ತದೆ, ಎಷ್ಟು ನಿಮಿಷ ಬಿಗಿದಿರುತ್ತದೆ, ಅಣ್ಣನಿಗೆ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದು, ಅವರ ಅಣ್ಣ ತೋರಿಸುವ ರುಮಟಾಲಜಿಸ್ಟ್ ಬಳಿಗೇ ಕಳಿಸಿದೆ. ಎಂ.ಆರ್.ಐ. ಮುಂದಿನ ವಾರ ಇದೆ.